ಘಾಟಿಯ ಜಾತ್ರೆಯೂ ನಮ್ಮ ಜನರೇಟರೂ

ಸಾದಲಿಯಿಂದ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತುಗಳನ್ನು ಕೊಂಡೊಯ್ಯುವ ಪದ್ಧತಿಯು ನಮ್ಮ ಮನೆಯಲ್ಲಿ ತಾತಂದಿರ ಕಾಲದಿಂದಲೂ ನಡೆದುಬಂದಿರುವುದು. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವಕ್ಕೆ ಮುಂಚಿತವಾಗಿಯೇ ಅಲ್ಲಿಯ ಬಯಲಿನಲ್ಲಿ ಹಳ್ಳಿಕಾರ್ ಜೋಡಿಗಳು ಬಂದು ನೆರೆಯುತ್ತವೆ. ಕೊಡುವ ಕೊಳ್ಳುವ ವ್ಯವಹಾರವು ಒಂದೆರಡು ದಿನಗಳಲ್ಲಿ ಮುಗಿಯತಕ್ಕದ್ದಾದರೂ, ಹೋದವರು ಅಷ್ಟು ಬೇಗನೆ ಹಿಂದಿರುಗುವವರಲ್ಲ. ಎತ್ತಿನ ಮಗ್ಗುಲಲ್ಲಿಯೇ ಬಿಡಾರ, ಅಲ್ಲಿಯೇ ಅಡಿಗೆ, ಅಲ್ಲಿಯೇ ನಿದ್ರೆ. ನಾವು ಬಾಲಕರಾಗಿದ್ದಾಗ ಕಮಾನುಗಾಡಿಯಲ್ಲಿ ಹುಲ್ಲಿನ ಮೇಲೆ ಮಲಗಿ ಹೋಗುತ್ತಿದ್ದೆವು. ರಾತ್ರಿಗೆ ಗಾಡಿಯ ಮೂಕಿಗೆ ಕಟ್ಟಿದ ಲಾಂದ್ರವೊಂದೇ ಬೆಳಕು. ದೂರದಲ್ಲಿ ಯಾರೋ ಸಾಹುಕಾರರ ಡೇರೆಯಲ್ಲಿ ಪೆಟ್ರೋಮ್ಯಾಕ್ಸ್ ದೀಪವು ಬುಸುಗುಟ್ಟುತ್ತಿದ್ದರೆ ಅದನ್ನು ನೋಡುವುದಕ್ಕೆಂದೇ ಓಡಿಹೋಗುತ್ತಿದ್ದೆವು.

ಈಗ ಗಾಡಿಯ ಸ್ಥಾನಕ್ಕೆ ಟ್ರ್ಯಾಕ್ಟರು ಬಂದಿದೆ. ೨೦೨೩ನೆಯ ವರ್ಷಾಂತ್ಯದ ಜಾತ್ರೆಗೆಂದು ನಮ್ಮ ತಮ್ಮನ ಮಗನು ತನ್ನ ಎರಡು ಚಕ್ರದ ಟ್ರೇಲರಿಗೆ ಬಿದಿರಿನ ಕಮಾನುಗಳನ್ನು ಬಗ್ಗಿಸಿ, ಮೇಲೆ ಟಾರ್ಪಾಲು ಹೊದಿಸಿ, ಒಳಗೆ ಹಲಗೆಗಳನ್ನು ಜೋಡಿಸಿ, ನಾಲ್ಕು ಮಂದಿ ಕಾಲು ಚಾಚಿ ಮಲಗಬಹುದಾದ ಮನೆಯೊಂದನ್ನು ಮಾಡಿದನು. (ಟ್ರೇಲರಿನಲ್ಲಿ ಜನರನ್ನು ಕೂರಿಸಿಕೊಂಡು ಹೋಗುವುದು ಕಾನೂನಿಗೆ ವಿರುದ್ಧ. ಸಾಮಾನು ಮಾತ್ರ ಟ್ರೇಲರಿನಲ್ಲಿಯೂ, ಎತ್ತುಗಳು ಲಾರಿಯಲ್ಲಿಯೂ, ಜನ ಬಸ್ಸಿನಲ್ಲಿಯೂ ಹೋದೆವೆಂಬುದನ್ನು ಮೊದಲೇ ಹೇಳಿಬಿಡುವುದು ಮೇಷ್ಟರಾಗಿದ್ದ ನಮಗೆ ಲೇಸು.) ಇಷ್ಟಕ್ಕೇ ನಿಂತಿದ್ದರೆ ಈ ಲೇಖನಕ್ಕೆ ಅವಕಾಶವೇ ಇರುತ್ತಿರಲಿಲ್ಲ.

ಅಮೆರಿಕೆಯಲ್ಲಿರುವ ನಮ್ಮ ಅಳಿಯಂದಿರು ಆ ವರ್ಷ ಮಕ್ಕಳೊಡನೆ ಪ್ರವಾಸ ಹೋಗುವುದಕ್ಕೆಂದು ಮನೆಯಂಥ ಟ್ರೇಲರೊಂದನ್ನು ಕೊಂಡು, ಅದಕ್ಕೆ ಜನರೇಟರನ್ನು ಕೂರಿಸಿದ ಚಿತ್ರಗಳನ್ನು ಫೋನಿನಲ್ಲಿ ಕಳುಹಿಸಿದ್ದರು. ಆ ಜಾತಿಯ ಟ್ರೇಲರಿಗೆ ‘ಫಿಫ್ತ್ ವೀಲ್’, ಎಂದರೆ ಐದನೆಯ ಚಕ್ರ, ಎಂದು ಹೆಸರಂತೆ. ಹಿಂದೆ ಕುದುರೆಯ ಸಾರೋಟುಗಳಲ್ಲಿ ಮುಂದಿನ ಅಚ್ಚು ಎಡಕ್ಕೂ ಬಲಕ್ಕೂ ತಿರುಗಲೆಂದು ಅದರ ಮೇಲೆ ಬಳೆಯಂಥ ಚಕ್ರವೊಂದನ್ನು ಅಡ್ಡಲಾಗಿ ಮಲಗಿಸಿರುತ್ತಿದ್ದರು. ನೆಲವನ್ನು ಎಂದೂ ಮುಟ್ಟದ ಆ ಚಕ್ರಕ್ಕೆ ಬಂದ ಹೆಸರು ಈಗ ಎಳೆಯುವ ವಾಹನದ ಹಿಂದಿನ ಅಚ್ಚಿನ ಮೇಲೆಯೇ ಟ್ರೇಲರಿನ ಮೂತಿಯನ್ನು ಹೊರಿಸುವ ಕೊಂಡಿಗೆ ಅಂಟಿಕೊಂಡಿದೆ. ಅವರ ಜನರೇಟರು ನೂರು ಕಿಲೋಗ್ರಾಂ ಮೀರಿದ್ದು. ಟ್ರೇಲರಿನ ಮುಂಭಾಗದಲ್ಲಿ ಅದಕ್ಕೆಂದೇ ಒಂದು ಗೂಡು. ನಮ್ಮ ಹುಡುಗನು ಆ ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, “ದೊಡ್ಡಪ್ಪ, ಇದು ನಮ್ಮ ಟ್ರೇಲರಿಗೂ ಆಗ್ತದೆ. ಜಾತ್ರೇಲಿ ಎತ್ತಿನ ಹತ್ರ ರಾತ್ರಿಯೆಲ್ಲ ದೀಪ ಇಡಬಹುದು, ಕಳ್ಳರ ಭಯ ಇರೋದಿಲ್ಲ” ಎಂದನು.

ನಾವು ಅಡ್ಡಿ ಹೇಳಲಿಲ್ಲ. ನಿಜವನ್ನು ಹೇಳುವುದಾದರೆ, ಲೆಕ್ಕ ಹಾಕುವ ಕೆಲಸವೊಂದು ಸಿಕ್ಕಿತೆಂದು ಸಂತೋಷವೇ ಆಯಿತು. ಒಂಬತ್ತು ವ್ಯಾಟಿನ ದೀಪಗಳು ೬, ಆದುದರಿಂದ ೫೪ ವ್ಯಾಟು, ಫೋನುಗಳಿಗೆ ೪೦, ಚಟ್ನಿ ಅರೆಯುವ ಮಿಕ್ಸಿಗೆ ೫೦೦. ಒಟ್ಟು ಆರು ನೂರರ ಆಸುಪಾಸು. ಆದರೆ ಮಿಕ್ಸಿಯಂಥ ಮೋಟಾರುಗಳು ಹೊರಡುವ ಕ್ಷಣದಲ್ಲಿ ತಮ್ಮ ಪಾಲಿನ ವಿದ್ಯುತ್ತಿಗೆ ಹಲವು ಪಟ್ಟು ಹೆಚ್ಚಾಗಿ ಕೇಳುವುದರಿಂದ ಲೆಕ್ಕಕ್ಕೆ ಸರಿಯಾದ ಯಂತ್ರ ಸಾಲದು. ಹಾಗೆಂದು ೨ ಕೆ.ವಿ.ಎ. ಶಕ್ತಿಯ ಪೆಟ್ರೋಲ್ ಜನರೇಟರೊಂದನ್ನು, ಒಬ್ಬರು ಉಪಯೋಗಿಸಿ ಬಿಟ್ಟದ್ದನ್ನು, ಕೊಂಡುದಾಯಿತು. ತೂಕ ಸುಮಾರು ೪೦ ಕಿಲೋಗ್ರಾಂ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಹಳೆಯ ಕೋಲಾರ ಜಿಲ್ಲೆಯ ಚಿನ್ನದ ಗಣಿಗಳಿಗೆ ಹರಿದು ಬಂದಿತು. ಆಗ ಬೆಂಗಳೂರಿನ ಬೀದಿಗಳಿಗೇ ಆ ಬೆಳಕಿರಲಿಲ್ಲ, ಅಲ್ಲಿಗೆ ಬಂದುದು ೧೯೦೫ರಲ್ಲಿ. ಅಂಥ ವಸ್ತುವನ್ನು ಈಗ ಇಬ್ಬರು ಹುಡುಗರು ಹಿಡಿಕೆ ಹಿಡಿದು ಎತ್ತಿಕೊಂಡು ಬಂದು ಅಂಗಳದಲ್ಲಿ ಇಳಿಸಿದಾಗ ನಮಗೆ ಉಂಟಾದ ವಿಸ್ಮಯವನ್ನು ವಾಚಕರು ಊಹಿಸಿಕೊಳ್ಳಬಹುದು.

ಅದನ್ನು ಟ್ರೇಲರಿನಲ್ಲಿ ಎಲ್ಲಿ ಕೂರಿಸಬೇಕೆಂಬುದರ ಮೇಲೆ ಎರಡು ದಿವಸ ಚರ್ಚೆ ನಡೆಯಿತು. ಹುಡುಗನಿಗೆ ಹಿಂದಿನ ಬಾಗಿಲ ಹೊರಗೆ ಕಟ್ಟುವ ಇಷ್ಟ. ಏರಿಸಿ ಇಳಿಸುವುದಕ್ಕೆ ಸುಲಭವೆಂದು. ನಮ್ಮ ತಮ್ಮನು ಶಾಲೆಯನ್ನು ನಾಲ್ಕನೆಯ ತರಗತಿಗೇ ಬಿಟ್ಟವನು, ಆದರೆ ಐವತ್ತು ವರ್ಷ ಗಾಡಿ ಹೊಡೆದವನು. ಅವನು ಕುಳಿತಲ್ಲಿಂದಲೇ, “ಹಿಂಭಾರ ಆದ್ರೆ ಮೂಕಿ ಎದ್ದು ಎತ್ತಿನ ಕೊರಳು ಹಿಡೀತದೆ. ಮುಂಭಾರ ಜಾಸ್ತಿ ಆದ್ರೆ ಹೆಗಲು ಕೂತ್ಕೊಂತದೆ. ಸ್ವಲ್ಪ ಮುಂಭಾರ ಇರಬೇಕು, ಅಷ್ಟೇ” ಎಂದುಬಿಟ್ಟನು. ಟ್ರ್ಯಾಕ್ಟರಿಗೂ ನ್ಯಾಯ ಅದೇ. ಎರಡು ಚಕ್ರದ ಟ್ರೇಲರು ತನ್ನ ಭಾರದ ಒಂದಂಶವನ್ನು ಕೊಂಡಿಯ ಮೇಲೆ ಊರಿಯೇ ನಡೆಯತಕ್ಕದ್ದು. ಬಾಲದಲ್ಲಿ ಭಾರವಿಟ್ಟರೆ ಕೊಂಡಿ ಹಗುರಾಗಿ ಟ್ರೇಲರು ಹಾವಿನಂತೆ ಓಲಾಡತೊಡಗುವುದು. ನಲವತ್ತು ಕಿಲೋ ಯಾವ ದೊಡ್ಡ ಭಾರವೆಂದು ಹುಡುಗನ ವಾದ; ತೂಕ ಸಣ್ಣದಾದರೂ ಅಚ್ಚಿನಿಂದ ಅದಕ್ಕಿರುವ ದೂರ ದೊಡ್ಡದೆಂದು ನಮ್ಮ ಸಮಾಧಾನ. ಕೊನೆಗೆ ಟ್ರೇಲರಿನ ಮುಂಗೋಡೆಗೆ ತಗುಲಿದಂತೆ, ಕೊಂಡಿಗೆ ಚಾಚಿಕೊಂಡಿರುವ ಕಬ್ಬಿಣದ ಮೇಲೆ ಹಲಗೆ ಬಿಗಿದು, ಅಲ್ಲಿ ಬೋಲ್ಟು ಹಾಕಿ ಕೂರಿಸಿದರು. ತಂತಿ ಒಳಕ್ಕೆ ಹೋಗುವುದಕ್ಕೆ ಮುಂಗೋಡೆಯ ತಗಡಿನಲ್ಲಿ ಒಂದು ತೂತು ಕೊರೆದರು.

ಸಾಗಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸ್ಥಳವಿರಲಿಲ್ಲ. ನಡೆಸುವುದಕ್ಕೆ ಅದಕ್ಕಿಂತ ಕೆಟ್ಟ ಸ್ಥಳವೂ ಇರಲಿಲ್ಲ. ಇವೆರಡೂ ಬೇರೆಬೇರೆ ಪ್ರಶ್ನೆಗಳೆಂಬುದು ಆ ಎರಡು ದಿವಸಗಳ ಚರ್ಚೆಯಲ್ಲಿ ಒಬ್ಬರ ಬಾಯಲ್ಲಿಯೂ ಬರಲಿಲ್ಲ.

ಇನ್ನು ಮುಂದಿನದು ನಮ್ಮ ಅಪರಾಧ. ಯಂತ್ರವನ್ನು ಮೊದಲ ಸಲ ಹಚ್ಚಿದಾಗ ಆದ ಶಬ್ದಕ್ಕೆ ಕೊಟ್ಟಿಗೆಯ ಎತ್ತುಗಳು ಹಗ್ಗ ಜಗ್ಗಿದುವು. ನಮಗೆ ತಲೆ ಸಿಡಿದಂತಾಯಿತು. “ಇದರ ಪಕ್ಕದಲ್ಲಿ ಮಲಗುವುದಕ್ಕಿಂತ ಹಿಟ್ಟಿನ ಗಿರಣಿಯಲ್ಲಿ ಮಲಗುವುದು ವಾಸಿ, ಇದರ ಬಾಯಿ ಮುಚ್ಚಿಸದಿದ್ದರೆ ನಾವು ಬರುವುದಿಲ್ಲ” ಎಂದೆವು. ಹುಡುಗನು ದೊಡ್ಡಪ್ಪನ ಮಾತಿಗೆ ಎದುರಾಡುವವನಲ್ಲ. ಮರದ ಪೆಟ್ಟಿಗೆಯೊಂದನ್ನು ಮಾಡಿಸಿ, ಒಳಗೆಲ್ಲ ಗೋಣಿತಾಟು ಹೊಡೆದು, ಯಂತ್ರದ ಮೇಲೆ ಕವುಚಿದನು. ಹೊಗೆಯ ಕೊಳವೆಗೆ ಪೆಟ್ಟಿಗೆಯ ತಳದಲ್ಲಿ ಒಂದು ಕಂಡಿ ಬಿಟ್ಟನು. ಅದು ನೆಲದ ಕಡೆಗೆ ಬಾಯಿ ಮಾಡಿಕೊಂಡಿತ್ತು. ಶಬ್ದವೇನೋ ಅರ್ಧಕ್ಕೆ ಇಳಿಯಿತು. ನಾವು ಅವನ ಬೆನ್ನು ತಟ್ಟಿದೆವು. ಅಳಿಯಂದಿರ ಟ್ರೇಲರಿನ ಗೂಡಿಗೆ ಒಳಮೈಯೆಲ್ಲ ಲೋಹದ ತಗಡು, ವಾಸದ ಕಡೆಗೆ ಗಾಳಿಯೂ ನುಸುಳದ ಮುಚ್ಚಿಗೆ, ಹೊಗೆಯ ಕೊಳವೆಗೆ ಹೊರಕ್ಕೆ ದಾರಿ, ಮಲಗುವಲ್ಲಿ ವಿಷವಾಯುವನ್ನು ಕಂಡು ಕೂಗುವ ಯಂತ್ರ, ಇವೆಲ್ಲವೂ ಇದ್ದುವೆಂದು ಅನಂತರ ತಿಳಿಯಿತು. ಚಿತ್ರದಲ್ಲಿ ಕಂಡುದು ಗೂಡೊಂದೇ.

ಜಾತ್ರೆಯ ಮೊದಲನೆಯ ರಾತ್ರಿ ಯಾವ ತೊಂದರೆಯೂ ಆಗಲಿಲ್ಲ. ಹಿಂದಿನ ಪರದೆ ತೆರೆದೇ ಇತ್ತು, ಗಾಳಿಯೂ ಇತ್ತು. ಆದರೆ ಆ ಬಯಲಿನ ಚಳಿಯನ್ನು ಬಲ್ಲವರೇ ಬಲ್ಲರು. ಬೆಳಗಿನ ಜಾವ ನಮ್ಮ ಮನೆಯವರು ಕೆಮ್ಮತೊಡಗಿದರು. ಎರಡನೆಯ ರಾತ್ರಿ ನಾವೇ ಎದ್ದುನಿಂತು, ಟಾರ್ಪಾಲನ್ನು ಸುತ್ತಲೂ ನೆಲದವರೆಗೆ ಇಳಿಯಬಿಟ್ಟು, ಅಂಚಿನ ಮೇಲೆ ಕಲ್ಲು ಹೇರಿಸಿ, ಹಿಂದಿನ ಪರದೆಯನ್ನು ಹಗ್ಗದಿಂದ ಬಿಗಿಸಿದೆವು. ಒಳಗೆ ಮಲಗಿದವರು ಮೂವರು: ನಾವು, ನಮ್ಮ ಮನೆಯವರು, ತಮ್ಮನ ಎಂಟು ವರ್ಷದ ಮೊಮ್ಮಗ. ಹುಳುಗಳು ನಾಲ್ಕನೆಯ ಜ್ವರದಲ್ಲಿದ್ದುದರಿಂದ ಮಗುವಿನ ತಾಯಿ ಸಾದಲಿಯಲ್ಲಿಯೇ ನಿಂತಿದ್ದಳು. ತಮ್ಮನೂ ಅವನ ಮಗನೂ ಎತ್ತುಗಳ ಬಳಿ ಕಂಬಳಿ ಹೊದ್ದು ಮಲಗಿದರು.

ಒಂಬತ್ತು ಗಂಟೆಗೆ ಯಂತ್ರವನ್ನು ಹಚ್ಚಿದರು. ಬೆಳಗಿನ ನಾಲ್ಕರವರೆಗೆ ನಡೆಯಬೇಕಾದರೆ ನಾಲ್ಕು ಲೀಟರಿಗೆ ಮೇಲ್ಪಟ್ಟು ಪೆಟ್ರೋಲು ಬೇಕೆಂದು ನಾವು ಲೆಕ್ಕ ಹೇಳಿದ್ದೆವು. ಹುಡುಗನ ಕ್ಯಾನಿನಲ್ಲಿ ಆ ಹೊತ್ತಿಗೆ ಉಳಿದಿದ್ದುದು ಒಂದೂವರೆ ಲೀಟರು ಮಾತ್ರ; ಮಿಕ್ಕದ್ದನ್ನು ಮಧ್ಯದಲ್ಲಿ ಯಾರಿಂದಲಾದರೂ ತಂದು ಹಾಕಿದರಾಯಿತೆಂದು, ನಮಗೆ ಹೇಳಿದರೆ ಗದರಿಯೇವೆಂಬ ಭಯದಿಂದ, ಸುಮ್ಮನೆ ಅಷ್ಟನ್ನೇ ಹಾಕಿದ್ದನು. ನಮ್ಮ ಲೆಕ್ಕದಂತೆ ನಡೆದಿದ್ದರೆ ಈ ಲೇಖನವನ್ನು ಬರೆಯಲು ನಾವು ಇರುತ್ತಿರಲಿಲ್ಲ.

ಹತ್ತೂವರೆಯ ಸುಮಾರಿಗೆ ನಮಗೆ ತಲೆನೋವು ಹತ್ತಿತು. ಚಳಿಗಾಳಿಯ ದೋಷವೆಂದುಕೊಂಡೆವು. ಮಗು ನಿದ್ರೆಯಲ್ಲಿಯೇ ವಾಂತಿ ಮಾಡಿಕೊಂಡಿತು. ಜಾತ್ರೆಯಲ್ಲಿ ತಿಂದ ಬೋಂಡದ ಫಲವೆಂದು ನಮ್ಮ ಮನೆಯವರು ಬಾಯಿ ಒರೆಸಿದರು. ಹಾಗೆ ಒರೆಸಿ ಏಳಹೋದವರು, “ಏನೂಂದ್ರೆ, ಕಾಲಿನಲ್ಲಿ ಬಲವೇ ಇಲ್ಲ” ಎಂದು ಮತ್ತೆ ಕುಸಿದು ಕುಳಿತರು. ದೀಪ ಉರಿಯುತ್ತಿತ್ತು. ಒಳಗೆ ಒಂದೆಳೆ ಹೊಗೆಯಿರಲಿಲ್ಲ. ಯಂತ್ರದಿಂದ ಏನಾದರೂ ಆಗಿರಬಹುದೇ ಎಂಬ ಸಂದೇಹವು ನಮ್ಮ ಮನಸ್ಸಿನ ಅಂಚಿಗೆ ಬಂದುದು ಈಗಲೂ ನೆನಪಿದೆ. ಬಂದಿತು, ಹೊಗೆಯಿಲ್ಲವಲ್ಲ ಎಂಬ ಸಮಾಧಾನವನ್ನು ಪಡೆದು ಹೊರಟುಹೋಯಿತು. ಅನಂತರದ್ದು ನಮಗೆ ತಿಳಿಯದು.

ಹನ್ನೊಂದೂವರೆಗೆ ಪೆಟ್ರೋಲು ತೀರಿ ದೀಪ ಆರಿತು. ಹುಡುಗನು ಎದ್ದು ಬಂದು, “ದೊಡ್ಡಪ್ಪ, ದೀಪ ಹೋಯ್ತು, ಈಗ ಹಾಕ್ತೀನಿ” ಎಂದು ಹೊರಗಿನಿಂದ ಕೂಗಿದನಂತೆ. ಉತ್ತರವಿಲ್ಲ. ಕತ್ತಲಾದ ಕೂಡಲೇ ಗದರಬೇಕಾಗಿದ್ದ ದೊಡ್ಡಪ್ಪನ ಧ್ವನಿ ಬಾರದಿದ್ದುದೇ ಅವನಿಗೆ ಅನುಮಾನವಾಯಿತು. ಹಗ್ಗವನ್ನು ಕತ್ತರಿಸಿ ಒಳಹೊಕ್ಕು ಮೂವರನ್ನೂ ಹೊರಕ್ಕೆ ಎಳೆದು ಹುಲ್ಲಿನ ಮೇಲೆ ಹಾಕಿದರು. ನಮಗೂ ನಮ್ಮ ಮನೆಯವರಿಗೂ ಸ್ವಲ್ಪ ಹೊತ್ತಿಗೆ ಕಣ್ಣು ತೆರೆಯಿತು. ಮಗು ಕಣ್ಣು ತೆರೆಯಲಿಲ್ಲ.

ಪಕ್ಕದ ಬಿಡಾರದವರೊಬ್ಬರು ೨೦೨೧ರ ಕೊರೋನಾ ಕಾಲದಲ್ಲಿ ಕೊಂಡಿದ್ದ ಬೆರಳಿಗೆ ಕಚ್ಚಿಸುವ ಯಂತ್ರವನ್ನು ತಂದು ಮಗುವಿನ ಬೆರಳಿಗೆ ಹಾಕಿ ನೋಡಿದರು. ೯೮ ಎಂದು ತೋರಿಸಿತು. “ಉಸಿರು ಚೆನ್ನಾಗಿದೆ ಸ್ವಾಮಿ, ನಿದ್ರೆ ಅಷ್ಟೇ, ಬೆಳಿಗ್ಗೆವರೆಗೂ ನೋಡೋಣ” ಎಂದರು. ಅವರ ಮನಸ್ಸು ಒಳ್ಳೆಯದು. ನಮಗೂ ಆ ಅಂಕಿಯನ್ನು ನೋಡಿ ಧೈರ್ಯವೇ ಬಂದಿತು. ನಮ್ಮ ತಮ್ಮನು ಮಾತ್ರ ಒಪ್ಪಲಿಲ್ಲ. “ಒಳಗಿದ್ದ ಮೂರು ಜನಕ್ಕೂ ಆಗಿದೆ, ಹೊರಗಿದ್ದ ನಮ್ಮಿಬ್ಬರಿಗೆ ಏನೂ ಆಗಿಲ್ಲ. ಬೋಂಡ ನಾನೂ ತಿಂದಿದ್ದೀನಿ” ಎಂದನು. ಅನ್ವಯವ್ಯತಿರೇಕವೆಂದು ಮೂವತ್ತು ವರ್ಷ ನಾವು ಬೋರ್ಡಿನ ಮೇಲೆ ಬರೆಯುತ್ತಿದ್ದುದನ್ನು ಅವನು ಎರಡು ವಾಕ್ಯಗಳಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡು, ದನ ತಂದಿದ್ದ ಸಣ್ಣ ಲಾರಿಯೊಂದನ್ನು ಎಬ್ಬಿಸಿ ದೊಡ್ಡಬಳ್ಳಾಪುರಕ್ಕೆ ಹೊರಡಿಸಿದನು.

ಆಸ್ಪತ್ರೆಯಲ್ಲಿ ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, ಮಲಗಿದ್ದಲ್ಲಿ ಇದ್ದಿಲಾಗಲಿ ಜನರೇಟರಾಗಲಿ ಇತ್ತೇ ಎಂಬುದು. ಇತ್ತೆಂದೊಡನೆ ಮೂವರ ಮುಖಕ್ಕೂ ಆಮ್ಲಜನಕದ ಮುಖವಾಡವನ್ನು ಕಟ್ಟಿಸಿದರು. ಅವರು ತಿಳಿಸಿದುದನ್ನು ಇಲ್ಲಿ ಬರೆಯುತ್ತೇವೆ, ಏಕೆಂದರೆ ಜನರೇಟರಿಲ್ಲದ ಮನೆಗಳಲ್ಲಿಯೂ ಇದ್ದಿಲು ಇರುವುದು. ಪೆಟ್ರೋಲಾಗಲಿ ಇದ್ದಿಲಾಗಲಿ ಸಾಕಷ್ಟು ಗಾಳಿಯಿಲ್ಲದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡೆಂಬ ವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲನ್ನು ಕೆರೆಯುವುದೂ ಇಲ್ಲ. ರಕ್ತದ ಕೆಂಪು ವಸ್ತುವಾದ ಹಿಮೋಗ್ಲೋಬಿನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಿಗಿಯಿಂದ ಅದನ್ನು ಹಿಡಿದುಕೊಳ್ಳುವುದು. ಹಿಡಿದ ಮೇಲೆ ಸುಲಭವಾಗಿ ಬಿಡದು. ಸಾಧಾರಣ ಗಾಳಿಯಲ್ಲಿ ಅದರ ಅರ್ಧ ಭಾಗ ದೇಹದಿಂದ ಹೊರಹೋಗುವುದಕ್ಕೆ ನಾಲ್ಕೈದು ಗಂಟೆ ಹಿಡಿಯುತ್ತದೆ. ಮುಖವಾಡದಿಂದ ಶುದ್ಧ ಆಮ್ಲಜನಕವನ್ನು ಕೊಟ್ಟರೆ ಸುಮಾರು ಒಂದೂವರೆ ಗಂಟೆ. ಬೆಳಿಗ್ಗೆವರೆಗೂ ನೋಡೋಣವೆಂದು ಕುಳಿತಿದ್ದರೆ ಏನಾಗುತ್ತಿತ್ತೆಂಬುದು ಇದರಿಂದಲೇ ಸ್ಪಷ್ಟ. ಬೆರಳಿನ ಯಂತ್ರವು ಏಕೆ ೯೮ ತೋರಿಸಿತೆಂದು ಕೇಳಿದೆವು. ಆ ಯಂತ್ರವು ರಕ್ತದ ಬಣ್ಣದಿಂದ ಅಳೆಯತಕ್ಕದ್ದು. ಈ ವಿಷವಾಯು ಸೇರಿದ ರಕ್ತವೂ ಚೆನ್ನಾಗಿ ಕೆಂಪಾಗಿಯೇ ಇರುವುದರಿಂದ ಅದಕ್ಕೆ ಭೇದ ತಿಳಿಯದು ಎಂದರು.

ಮಗು ಬೆಳಗಿನ ಆರು ಗಂಟೆಗೆ ಕಣ್ಣು ತೆರೆದು, “ತಾತ, ನಮ್ಮ ಎತ್ತು ಮಾರಿಬಿಟ್ರಾ?” ಎಂದು ಕೇಳಿತು. ನಮ್ಮ ಮನೆಯವರು ಮುಖವಾಡದೊಳಗೇ ಅಳತೊಡಗಿದರು. ಸಂಜೆಗೆ ಮನೆಗೆ ಕಳುಹಿಸಿದರು.

ತರ್ಕಶಾಸ್ತ್ರವನ್ನು ಮುಟ್ಟಿದವರೆಲ್ಲರೂ ಮೊದಲ ದಿವಸವೇ ಕಲಿಯುವ ಸಂಗತಿಯೊಂದುಂಟು: ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬಹುದು. ಎರಡನೆಯ ದಿವಸ ಕಲಿಯುವುದು, ಅದನ್ನು ತಿರುಗಿಸಿ ಹೇಳಬಾರದೆಂಬುದು; ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಈ ಕಬ್ಬಿಣದ ಗುಂಡನ್ನು ನಾವು ಎಷ್ಟು ತಲೆಮಾರಿನ ಹುಡುಗರಿಗೆ ತೋರಿಸಿದ್ದೇವೋ ಲೆಕ್ಕವಿಲ್ಲ. ಉತ್ತರ ಹೇಳದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ನಮ್ಮ ತಲೆಯ ಬಳಿ, ಒಂದು ತಗಡಿನಾಚೆ, ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತ ಎರಡು ಸುತ್ತಿಗೊಮ್ಮೆ ಬೆಂಕಿ ಹೊತ್ತಿಸಿಕೊಳ್ಳುತ್ತಿದ್ದ ಕಬ್ಬಿಣದ ಗುಂಡು ಕುಳಿತಿದ್ದಾಗ ನಾವು ಹೊಗೆಯನ್ನು ಹುಡುಕಿ, ಕಾಣದೆ, ನಿಶ್ಚಿಂತೆಯಿಂದ ಮಲಗಿದೆವು. ಅದರ ಬಾಯಿಗೆ ಗೋಣಿ ತುರುಕಿಸಿ ಗಾಳಿಯನ್ನು ತಪ್ಪಿಸಿ ವಿಷವನ್ನು ಹೆಚ್ಚಿಸಿದವರೂ ನಾವೇ; ಟ್ರೇಲರಿನ ಅಡಿಯಲ್ಲಿ ಸೇರಿದ್ದು ಆಚೆಗೆ ಹೋಗದಂತೆ ಟಾರ್ಪಾಲಿನ ಮೇಲೆ ಕಲ್ಲು ಹೇರಿಸಿದವರೂ ನಾವೇ. ತಳದ ತುಕ್ಕು ಹಿಡಿದ ಸಂದುಗಳಿಂದಲೂ ತಂತಿಯ ತೂತಿನಿಂದಲೂ ಅದು ಒಳಗೆ ಬಂದಿತ್ತು.

ಶಾಸ್ತ್ರದ ಮಾತು ಹಾಗಿರಲಿ. ಚಳಿಗಾಲದಲ್ಲಿ ಹುಳುಮನೆಯನ್ನು ಬೆಚ್ಚಗಿಡುವುದಕ್ಕೆ ನಮ್ಮ ತಾಯಿಯವರು ಇದ್ದಿಲ ಅಗ್ಗಿಷ್ಟಿಕೆಯನ್ನು ಇಡುತ್ತಿದ್ದರು. ಎಷ್ಟೇ ಚಳಿಯಿರಲಿ, ಬಾಗಿಲನ್ನು ಗೇಣಗಲ ತೆರೆದೇ ಬಿಡುವರು. ಬೆಚ್ಚಗಿದೆಯೆಂದು ನಾವು ಅಲ್ಲಿಗೆ ಚಾಪೆ ಒಯ್ದರೆ ಕಿವಿ ಹಿಡಿದು ಹೊರಗೆ ಕಳುಹಿಸುವರು. ಏಕೆಂದು ಕೇಳಿದರೆ, “ಕೆಂಡ ಉಸಿರು ಕುಡೀತದೆ” ಎಂದಷ್ಟೇ ಹೇಳುತ್ತಿದ್ದರು. ಮುಂದೆ ನಾಲ್ಕು ಅಕ್ಷರ ಕಲಿತ ಮೇಲೆ ನಾವು ಅದನ್ನು ಹೆಂಗಸರ ಮೂಢನಂಬಿಕೆಗಳ ಸಾಲಿಗೆ ಸೇರಿಸಿಬಿಟ್ಟಿದ್ದೆವು.

ಊರಿಗೆ ಬಂದು ಒಂದು ವಾರ ನಾವು ಯಾರೊಡನೆಯೂ ಹೆಚ್ಚಾಗಿ ಮಾತನಾಡಲಿಲ್ಲ. ಮಗುವಿನ ತಾಯಿಯು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಎಂದಿನಂತೆ ಕಾಫಿ ತಂದಿಡುತ್ತಿದ್ದಳು. ಲೋಟವನ್ನು ಇಟ್ಟು ಒಂದು ಕ್ಷಣ ನಿಂತು ಹೋಗುತ್ತಿದ್ದಳು. ಆಮೇಲೆ ಒಂದು ದಿವಸ ಹುಡುಗನು ಯಂತ್ರವನ್ನು ಮಾರಿಬಿಡುವೆನೆಂದಾಗ ನಾವು ತಡೆದು, ಕಾಗದ ಪೆನ್ಸಿಲು ತರಿಸಿ, ಮೊದಲೇ ಹಾಕಬೇಕಾಗಿದ್ದ ಲೆಕ್ಕವನ್ನು ಹಾಕಿದೆವು. ರಾತ್ರಿಯೆಲ್ಲ ಎತ್ತುಗಳ ಬಳಿ ಉರಿಯಬೇಕಾದ ದೀಪಗಳು ಎರಡೇ. ಅಂದರೆ ೧೮ ವ್ಯಾಟು. ಏಳು ಗಂಟೆಗೆ ೧೨೬ ವ್ಯಾಟ್-ಗಂಟೆ. ಹನ್ನೆರಡು ವೋಲ್ಟಿನ ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯೊಂದರಲ್ಲಿ ೧,೨೦೦ ಅಡಗಿರುವುದು. ಅದರ ಹತ್ತನೆಯ ಒಂದು ಪಾಲಿನಷ್ಟು ಬೆಳಕಿಗಾಗಿ ನಾವು ಎರಡು ಕೆ.ವಿ.ಎ. ಎಂಜಿನ್ನನ್ನು ರಾತ್ರಿಯೆಲ್ಲ ನಡೆಸಹೊರಟಿದ್ದೆವು! ದೀಪಕ್ಕೆ ಎಷ್ಟು ಬೇಕೆಂದು ಕೂಡಿಸಿದ್ದೆವೇ ಹೊರತು ಯಾವ ಹೊತ್ತಿನಲ್ಲಿ ಎಷ್ಟು ಬೇಕೆಂದು ವಿಂಗಡಿಸಿರಲಿಲ್ಲ.

ಈಗಿನ ಏರ್ಪಾಡು ಬೇರೆ. ಜನರೇಟರು ದಾರಿಯಲ್ಲಿ ಟ್ರೇಲರಿನ ಮುಂಭಾಗದಲ್ಲಿಯೇ ಹೋಗುವುದು. ನಮ್ಮ ತಮ್ಮನ ಮಾತು ಆ ಮಟ್ಟಿಗೆ ಸರಿ. ಬಿಡಾರ ಸೇರಿದೊಡನೆ ನಾಲ್ಕು ಬೋಲ್ಟು ಬಿಚ್ಚಿ ಇಳಿಸಿ, ೨೫ ಅಡಿ ಆಚೆಗೆ, ಗಾಳಿ ನಮ್ಮ ಕಡೆಯಿಂದ ಅದರ ಕಡೆಗೆ ಬೀಸುವಂತೆ ನೋಡಿ, ಹೊಗೆಯ ಮೂತಿಯನ್ನು ಹೊರಕ್ಕೆ ತಿರುಗಿಸಿ, ಬಯಲಿನಲ್ಲಿಡುವರು. ಹಗಲು ಚಟ್ನಿ ಅರೆಯುವಾಗ ಅದು ಕೂಗಿಕೊಳ್ಳುತ್ತದೆ. ಆಗಲೇ ಬ್ಯಾಟರಿಯೂ ತುಂಬಿಕೊಳ್ಳುತ್ತದೆ. ಸೂರ್ಯಾಸ್ತವಾದ ಮೇಲೆ ಅದನ್ನು ಹಚ್ಚುವಂತಿಲ್ಲ. ಟ್ರೇಲರಿನ ಒಳಗೆ ದಿಂಬಿನ ಎತ್ತರದಲ್ಲಿ ಅಳಿಯಂದಿರು ಕಳುಹಿಸಿದ, ಆ ವಾಯುವನ್ನು ಕಂಡು ಕೂಗುವ ಯಂತ್ರವನ್ನು ಕಟ್ಟಿದೆ. ಹಿಂದಿನ ಪರದೆಯನ್ನು ಗೇಣಗಲ ಬಿಟ್ಟೇ ಕಟ್ಟುವ ಕೆಲಸವನ್ನು ನಮ್ಮ ಮನೆಯವರು ಯಾರಿಗೂ ಬಿಡದೆ ತಾವೇ ವಹಿಸಿಕೊಂಡಿರುವರು. ಚಳಿಯೆಂದು ನಾವು ಗೊಣಗಿದರೆ ಇನ್ನೊಂದು ಕಂಬಳಿಯನ್ನು ಎಸೆಯುವರು.

ಗೋಣಿತಾಟಿನ ಪೆಟ್ಟಿಗೆಯನ್ನು ಒಡೆದು ಸೌದೆ ಮಾಡಬೇಕೆಂದು ನಾವು ಹೇಳಿದೆವು. ಗಟ್ಟಿಯಾದ ಮರ, ಇಲಿ ಹೋಗುವುದಿಲ್ಲವೆಂದು ನಮ್ಮ ತಮ್ಮನು ಒಪ್ಪಲಿಲ್ಲ. ತಳದ ಕಂಡಿಗೆ ತಗಡು ಹೊಡೆಸಿ, ಜಾತ್ರೆಗೆ ಹೋಗುವ ಎತ್ತುಗಳಿಗೆ ಬೇಕಾದ ಹುರುಳಿಯನ್ನು ಈಗ ಅದರಲ್ಲಿ ತುಂಬಿಡುತ್ತಾನೆ.